ಕಾನೂನು ವಿದ್ಯಾರ್ಥಿಗಳು ಮತ್ತು ಕೃತಕ ಬುದ್ಧಿಮತ್ತೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತುಮಕೂರಿನ ನ್ಯಾಯಾಲಯಗಳಲ್ಲಿ ವಕೀಲಿಕೆ ಮಾಡುತ್ತೇನೆ. ವಾರಕ್ಕೆರಡು ಬೆಳಗ್ಗೆ ಕಾನೂನು ವಿದ್ಯಾರ್ಥಿಗಳಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆ ಮತ್ತು ಕರಡು ರಚನೆಯನ್ನು ಕಲಿಸುತ್ತೇನೆ. ಮಧುಗಿರಿ, ಶಿರಾ, ಕುಣಿಗಲ್, ಪಾವಗಡದ ಕಡೆಯಿಂದ ಬಸ್ಸು ಹಿಡಿದು ಬಂದು ಓದುವ ಈ ಮಕ್ಕಳು ತರಗತಿ ಮುಗಿದ ಮೇಲೆ ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಈಗ ಕೃತಕ ಬುದ್ಧಿಮತ್ತೆಯ ಬಗ್ಗೆಯೇ ಇರುತ್ತವೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳಿದ್ದನ್ನು ಒಂದೆಡೆ ಬರೆದಿಟ್ಟರೆ ಕೋಲಾರ, ಚಿಕ್ಕಬಳ್ಳಾಪುರದಂಥ ಜಿಲ್ಲೆಗಳಲ್ಲಿ ಓದುವವರಿಗೂ ಉಪಯೋಗವಾದೀತು ಎಂದು ಇದನ್ನು ಬರೆಯುತ್ತಿದ್ದೇನೆ.

ನಾವು ಪದವಿ ಮುಗಿಸಿ ಹೊರಬರುವಷ್ಟರಲ್ಲಿ ವಕೀಲರಿಗೆ ಕೆಲಸವೇ ಇರುವುದಿಲ್ಲವೇ?

ಕೆಲಸ ಇರುತ್ತದೆ. 1961ರ ವಕೀಲರ ಕಾಯ್ದೆಯ ಪ್ರಕಾರ ವಕೀಲಿಕೆಯ ಹಕ್ಕು ಇರುವುದು ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡ ಮನುಷ್ಯರಿಗೆ. ವಕಾಲತ್ತಿಗೆ ಸಹಿ ಹಾಕುವವರು, ಕಟಕಟೆಯಲ್ಲಿ ನಿಂತ ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸುವವರು, ರಾಜಿಗೆ ಒಪ್ಪದ ಅಣ್ಣತಮ್ಮಂದಿರನ್ನು ಒಂದೇ ಬೆಂಚಿನ ಮೇಲೆ ಕೂರಿಸಿ ಮಾತಾಡಿಸುವವರು ಅವರೇ.

ನನಗೆ ನಿಜವಾಗಿ ಚಿಂತೆ ಹುಟ್ಟಿಸುವುದು ಬೇರೆಯದು. ನಮ್ಮ ಕಾಲದಲ್ಲಿ ಕಿರಿಯ ವಕೀಲರು ಮೊದಲ ಎರಡು ಮೂರು ವರ್ಷ ಹಿರಿಯರ ಕಚೇರಿಯಲ್ಲಿ ತೀರ್ಪು ಹುಡುಕುವುದು, ಕಡತದ ಸಾರಾಂಶ ಬರೆಯುವುದು, ವಾದಪತ್ರದ ಮೊದಲ ಕರಡು ತಯಾರಿಸುವುದು ಇತ್ಯಾದಿ ಕೆಲಸಗಳನ್ನು ಮಾಡುತ್ತಾ, ಹಿರಿಯರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ ಸಾಲುಗಳಿಂದ ಕಸುಬು ಕಲಿಯುತ್ತಿದ್ದರು. ಯಂತ್ರಕ್ಕೆ ಸುಲಭವಾಗಿ ಒಪ್ಪಿಸಬಹುದಾದ ಕೆಲಸಗಳು ಸರಿಯಾಗಿ ಇವೇ. ಆ ಕಲಿಕೆಯ ಮೆಟ್ಟಿಲುಗಳೇ ಇಲ್ಲವಾದರೆ ಮುಂದಿನ ಪೀಳಿಗೆಯ ಹಿರಿಯರು ಎಲ್ಲಿಂದ ಬರಬೇಕು? ಅದಕ್ಕಾಗಿಯೇ ಕಾಲೇಜಿನಲ್ಲಿರುವಾಗಲೇ ಕೈಯಾರೆ ಬರೆದು ಕಲಿಯುವುದಕ್ಕೆ ನಾನು ಇಷ್ಟು ಒತ್ತು ಕೊಡುವುದು.

ಅಷ್ಟೊಂದು ಓದಿಕೊಂಡಿರುವ ಯಂತ್ರ ಇಲ್ಲದ ತೀರ್ಪನ್ನು ಏಕೆ ಸೃಷ್ಟಿಸುತ್ತದೆ?

ಚಾಟ್‌ಜಿಪಿಟಿಯಂಥ ಸಾಧನಗಳ ಒಳಗಿರುವ ಭಾಷಾ ಮಾದರಿಯು ಅಪಾರ ಪ್ರಮಾಣದ ಬರಹವನ್ನು ಓದಿ, ಒಂದು ಪದದ ನಂತರ ಯಾವ ಪದ ಬರುವ ಸಂಭವ ಹೆಚ್ಚು ಎಂಬುದನ್ನು ಲೆಕ್ಕಹಾಕಲು ಕಲಿತಿರುತ್ತದೆ. ತೀರ್ಪಿನ ಉಲ್ಲೇಖಕ್ಕೆ ಒಂದು ನಿರ್ದಿಷ್ಟ ಅಚ್ಚು ಇದೆ: ಒಬ್ಬರ ವಿರುದ್ಧ ಇನ್ನೊಬ್ಬರು, ಇಸವಿ, ಸಂಪುಟ, ವರದಿಯ ಹೆಸರು, ಪುಟ. ಆ ಅಚ್ಚಿಗೆ ಹೊಂದುವ ಹೆಸರು ಮತ್ತು ಅಂಕಿಗಳನ್ನು ಜೋಡಿಸುವುದು ಅದಕ್ಕೆ ಸಲೀಸು. ಹುಡುಕಾಟದ ವ್ಯವಸ್ಥೆಯನ್ನು ಪ್ರತ್ಯೇಕವಾಗಿ ಜೋಡಿಸದೆ ಇದ್ದರೆ, ಆ ಪುಟದಲ್ಲಿ ನಿಜವಾಗಿಯೂ ಆ ತೀರ್ಪು ಇದೆಯೇ ಎಂದು ಅದು ಎಲ್ಲಿಯೂ ಹೋಗಿ ನೋಡುವುದಿಲ್ಲ. ಹುಡುಕಾಟ ಜೋಡಿಸಿದ ಸಾಧನಗಳಲ್ಲಿ ಈ ದೋಷ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ತೀರ್ಪು ನಿಜವಾಗಿಯೇ ಇದ್ದು, ಅದು ಹೇಳದ ಮಾತನ್ನು ಅದರ ಬಾಯಿಗೆ ತುರುಕುವ ತಪ್ಪು ಆಗಲೂ ಉಳಿಯುತ್ತದೆ, ಮತ್ತು ಅದನ್ನು ಕಂಡುಹಿಡಿಯುವುದು ಹೆಚ್ಚು ಕಷ್ಟ.

ನ್ಯಾಯಾಲಯಗಳಲ್ಲಿ ಹೀಗೆ ನಿಜವಾಗಿಯೂ ಆಗಿದೆಯೇ?

ಆಗಿದೆ. ಅಮೆರಿಕದ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯದಲ್ಲಿ ಏವಿಯಾಂಕಾ ವಿಮಾನ ಸಂಸ್ಥೆಯ ವಿರುದ್ಧ ಹೂಡಿದ್ದ ಮಾಟಾ ಪ್ರಕರಣದಲ್ಲಿ ವಾದಿಯ ವಕೀಲರು ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ್ದರು. ನ್ಯಾಯಾಧೀಶ ಕೆವಿನ್ ಕ್ಯಾಸಲ್ ಅವರು 2023ರ ಜೂನ್‌ನಲ್ಲಿ 5,000 ಡಾಲರ್ ದಂಡ ವಿಧಿಸಿದರು. ಆ ಪ್ರಕರಣದ ಒಂದು ವಿವರವನ್ನು ಪ್ರತಿ ವರ್ಷವೂ ತರಗತಿಯಲ್ಲಿ ಹೇಳುತ್ತೇನೆ: ಅನುಮಾನ ಬಂದ ವಕೀಲರು ಈ ತೀರ್ಪು ನಿಜವೇ ಎಂದು ಚಾಟ್‌ಜಿಪಿಟಿಯನ್ನೇ ಕೇಳಿದ್ದರು, ಅದು ನಿಜವೆಂದೇ ಉತ್ತರಿಸಿತ್ತು. ಸುಳ್ಳು ಹೇಳಿದ ಸಾಕ್ಷಿಯ ಮಾತಿಗೆ ಅದೇ ಸಾಕ್ಷಿಯಿಂದ ಪುಷ್ಟಿ ಪಡೆದಂತಾಯಿತು.

ಇದು ದೂರದ ಕಥೆಯೆಂದು ಸುಮ್ಮನಿರುವಂತಿಲ್ಲ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠವು 2024ರ ಡಿಸೆಂಬರ್‌ನಲ್ಲಿ ನೀಡಿದ ಒಂದು ಆದೇಶದಲ್ಲಿ ಇಲ್ಲದ ತೀರ್ಪುಗಳ ಉಲ್ಲೇಖ ಕಂಡುಬಂದು, ಆದೇಶವನ್ನು ಹಿಂಪಡೆಯಬೇಕಾಯಿತು. 2025ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್, ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದರ ಆದೇಶದಲ್ಲಿ ಅಸ್ತಿತ್ವದಲ್ಲಿಲ್ಲದ ತೀರ್ಪುಗಳನ್ನು ಅವಲಂಬಿಸಿರುವುದನ್ನು ಗಮನಿಸಿ ಆ ಬಗ್ಗೆ ಕ್ರಮಕ್ಕೆ ಸೂಚಿಸಿತು. ತುಮಕೂರಿನಿಂದ ಬೆಂಗಳೂರು 70 ಕಿಲೋಮೀಟರ್.

ಹಾಗಾದರೆ ಒಂದು ಉಲ್ಲೇಖವನ್ನು ಪರಿಶೀಲಿಸುವುದು ಹೇಗೆ?

ಮೊದಲು ತೀರ್ಪು ಇದೆಯೇ ಎಂದು ನೋಡಬೇಕು, ಆಮೇಲೆ ಅದು ಹೇಳಿದೆ ಎನ್ನಲಾದ ಮಾತನ್ನು ಹೇಳಿದೆಯೇ ಎಂದು ನೋಡಬೇಕು, ಕೊನೆಗೆ ಅದು ಇಂದಿಗೂ ಊರ್ಜಿತದಲ್ಲಿದೆಯೇ ಎಂದು ನೋಡಬೇಕು. ಮೊದಲನೆಯದಕ್ಕೆ ಹಣ ಬೇಕಿಲ್ಲ. ಸುಪ್ರೀಂ ಕೋರ್ಟಿನ ವರದಿಗಳು 2023ರಿಂದ ಇ-ಎಸ್‌ಸಿಆರ್ ಎಂಬ ಅದರದೇ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಹೈಕೋರ್ಟಿನ ತೀರ್ಪುಗಳನ್ನು ಅದರದೇ ಜಾಲತಾಣದಲ್ಲಿ ನೋಡಬಹುದು. ತೀರ್ಪು ಹುಡುಕುವ ಇಂಡಿಯನ್ ಕಾನೂನ್ ಜಾಲತಾಣ ಅಂತೂ ನಿಮ್ಮೆಲ್ಲರ ಫೋನಿನಲ್ಲಿಯೇ ಇದೆ. ಈಗ ತೀರ್ಪುಗಳಿಗೆ ನ್ಯಾಯಾಲಯವೇ ಯಾವ ಪ್ರಕಾಶಕರ ವರದಿಗೂ ಸೇರದ ತಟಸ್ಥ ಉಲ್ಲೇಖ ಸಂಖ್ಯೆಯನ್ನು ಕೊಡುತ್ತಿರುವುದರಿಂದ ಹುಡುಕುವುದು ಇನ್ನೂ ಸುಲಭ.

ಮೂರನೆಯ ಹಂತದಲ್ಲಿಯೇ ವಿದ್ಯಾರ್ಥಿಗಳು ಎಡವುವುದು. ನಮ್ಮ ಜಿಲ್ಲೆಯ ಸಿವಿಲ್ ನ್ಯಾಯಾಲಯಗಳಲ್ಲಿ ವಿಭಾಗದ ದಾವೆಗಳಿಗೆ ಬರವಿಲ್ಲ, ಆದ್ದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 1988ರಲ್ಲಿ ಮದುವೆಯಾದ ಹೆಣ್ಣುಮಗಳೊಬ್ಬಳು ಪಿತ್ರಾರ್ಜಿತ ತೆಂಗಿನ ತೋಟದಲ್ಲಿ ಪಾಲು ಕೇಳುತ್ತಾಳೆ. ಆಕೆಯ ತಂದೆ 2001ರಲ್ಲಿ ತೀರಿಕೊಂಡಿದ್ದಾರೆ. ಯಂತ್ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯನ್ನು ಹಿಡಿದರೆ, 1994ರ ಜುಲೈ 30ಕ್ಕೆ ಮೊದಲೇ ಮದುವೆಯಾದ ಮಗಳಿಗೆ ಆ ಹಕ್ಕಿಲ್ಲ ಎನ್ನುತ್ತದೆ. 2015ರ ಪ್ರಕಾಶ್ ವಿರುದ್ಧ ಫೂಲಾವತಿ ತೀರ್ಪನ್ನು ಹಿಡಿದರೆ, ಅದೇ ಕಾಯ್ದೆಗೆ ಕೇಂದ್ರ ತಂದ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕಿತ್ತು ಎನ್ನುತ್ತದೆ. ಇವೆರಡೂ ಒಂದು ಕಾಲಕ್ಕೆ ಸರಿಯಾಗಿದ್ದ ಉತ್ತರಗಳು, ಇವುಗಳ ಬಗ್ಗೆ ಅಂತರ್ಜಾಲದಲ್ಲಿ ಬೇಕಾದಷ್ಟು ಬರಹವೂ ಇದೆ. ಆದರೆ ಕೇಂದ್ರದ 2005ರ ತಿದ್ದುಪಡಿಯ ನಂತರ ಮಗಳಿಗೆ ಹುಟ್ಟಿನಿಂದಲೇ ಸಹದಾಯಾದಿ ಹಕ್ಕು, ಅಂದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಸಮನಾದ ಹಕ್ಕು, ಬರುತ್ತದೆ, ಆ ದಿನ ತಂದೆ ಬದುಕಿರಬೇಕಾದ ಅಗತ್ಯವಿಲ್ಲ ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿ, ಫೂಲಾವತಿಯ ನಿಲುವನ್ನು ತಳ್ಳಿಹಾಕಿತು. ಅಷ್ಟಕ್ಕೇ ನಿಲ್ಲುವಂತೆಯೂ ಇಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಆಸ್ತಿ ಭಾಗವಾಗಿತ್ತೇ ಎಂದು ಕಕ್ಷಿದಾರಳನ್ನು ಕೇಳಬೇಕು, ಏಕೆಂದರೆ ಅಂಥ ಹಳೆಯ ವಿಭಾಗವನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ. ಅಣ್ಣಂದಿರ ಮನೆಯ ಟ್ರಂಕಿನಲ್ಲಿ ಅಂಥದೊಂದು ಪತ್ರ ಇರುವುದು ಯಂತ್ರಕ್ಕೆ ಗೊತ್ತಾಗುವ ದಾರಿಯೇ ಇಲ್ಲ.

ಪರಿಶಿಷ್ಟ ಜಾತಿ ಮತ್ತು ಪಂಗಡದವರ ಮಂಜೂರಾತಿ ಜಮೀನು ಪರಭಾರೆ ನಿಷೇಧದ 1978ರ ಕಾಯ್ದೆಯ ಸ್ಥಿತಿಯೂ ಹೀಗೆಯೇ. ಜಮೀನನ್ನು ಮರಳಿ ಕೊಡಿಸುವಂತೆ ಕೋರುವ ಅರ್ಜಿಯನ್ನು ಸಮಂಜಸ ಅವಧಿಯೊಳಗೆ ಹಾಕಬೇಕೆಂದ 2017ರ ನೆಕ್ಕಂಟಿ ರಾಮಲಕ್ಷ್ಮಿ ತೀರ್ಪನ್ನು ಓದಿ ನಿಲ್ಲಿಸಿದರೆ, ಅಂಥ ಅರ್ಜಿಗೆ ಕಾಲಮಿತಿ ಇಲ್ಲವೆಂದು 2023ರಲ್ಲಿ ರಾಜ್ಯ ತಂದ ತಿದ್ದುಪಡಿ ಮತ್ತು ಅದರ ವ್ಯಾಖ್ಯಾನ ಕೈತಪ್ಪಿಹೋಗುತ್ತದೆ.

ಹೊಸ ಕ್ರಿಮಿನಲ್ ಕಾನೂನುಗಳ ವಿಷಯದಲ್ಲಿ ಯಂತ್ರವನ್ನು ನಂಬಬಹುದೇ?

ಮೂಲ ಕಾಯ್ದೆಯನ್ನು ಪಕ್ಕದಲ್ಲಿಟ್ಟುಕೊಂಡರೆ ಮಾತ್ರ ಬಳಸಿ. 1860ರ ದಂಡ ಸಂಹಿತೆಯ ಬಗ್ಗೆ ನೂರೈವತ್ತು ವರ್ಷಗಳಿಗೂ ಮಿಕ್ಕಿದ ಬರಹವಿದೆ, ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ರಂದು. ಹಾಗಾಗಿ ಯಂತ್ರ ಹಳೆಯ ಕಲಂ ಸಂಖ್ಯೆಗೇ ಜಾರುವುದು ಸಹಜ. ವಂಚನೆಗೆ 420 ಎಂದು ಬರೆಯುತ್ತದೆ, ಈಗಿನದು 318ನೇ ಕಲಮಿನ 4ನೇ ಉಪಕಲಂ. ಕೃತ್ಯ ನಡೆದ ದಿನಾಂಕ 2024ರ ಜುಲೈಗೆ ಹಿಂದಿನದಾದರೆ ಹಳೆಯ ಸಂಹಿತೆಯೇ ಅನ್ವಯಿಸುತ್ತದೆ ಎಂಬುದನ್ನು ಮರೆತು ಎಲ್ಲವನ್ನೂ ಹೊಸದಕ್ಕೆ ಬದಲಾಯಿಸಿಬಿಡುವುದನ್ನೂ ನೋಡಿದ್ದೇನೆ.

ಕನ್ನಡದ ದಾಖಲೆಗಳನ್ನು ಅದು ಸರಿಯಾಗಿ ಓದುತ್ತದೆಯೇ?

ಈ ಪ್ರಶ್ನೆಯನ್ನು ಬೆಂಗಳೂರಿನ ದೊಡ್ಡ ಕಾಲೇಜುಗಳಲ್ಲಿ ಯಾರೂ ಹೆಚ್ಚಾಗಿ ಕೇಳುವುದಿಲ್ಲ, ನಮಗೆ ಮಾತ್ರ ಇದು ಜೀವಾಳದ ಪ್ರಶ್ನೆ.

ಕಳೆದ ವರ್ಷ ವಿದ್ಯಾರ್ಥಿನಿಯೊಬ್ಬಳು ನಾನು ಅಭ್ಯಾಸಕ್ಕೆಂದು ಕೊಟ್ಟ, ಹೆಸರುಗಳನ್ನು ಅಳಿಸಿದ್ದ ಹಳೆಯ ಕಡತದ ಸಾರಾಂಶವನ್ನು ಯಂತ್ರದಿಂದ ಮಾಡಿಸಿ ತಂದಳು. ಭಾಷೆ ಚೊಕ್ಕವಾಗಿತ್ತು. ಪಹಣಿಯಲ್ಲಿ ವಿಸ್ತೀರ್ಣ 2-20 ಎಂದಿತ್ತು, ಸಾರಾಂಶದಲ್ಲಿ ಅದು 2.20 ಎಕರೆ ಆಗಿತ್ತು. ನಮ್ಮ ಲೆಕ್ಕದಲ್ಲಿ ಎಕರೆಗೆ 40 ಗುಂಟೆ, ಆದ್ದರಿಂದ 2-20 ಎಂದರೆ ಎರಡೂವರೆ ಎಕರೆ. ದಶಮಾಂಶದ 2.20 ಎಂದರೆ 2 ಎಕರೆ 8 ಗುಂಟೆ. ಒಂದು ಗೆರೆ ಚುಕ್ಕಿಯಾದದ್ದರಿಂದ 12 ಗುಂಟೆ ಜಮೀನು ಕಾಗದದ ಮೇಲೆ ಮಾಯವಾಗಿತ್ತು. ಅದೇ ಸಾರಾಂಶದಲ್ಲಿ ‘ಬಿ ಖರಾಬು’ ಎಂಬುದು ಹಾಳುಬಿದ್ದ ಭೂಮಿ ಎಂದಾಗಿತ್ತು. ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉಪಯೋಗದ ಜಾಗವನ್ನು ಸೂಚಿಸುವ ಆ ಪದದ ಮೇಲೆ ಇಡೀ ದಾವೆಯೇ ನಿಂತಿರಬಹುದು. ಮೊದಲ ಓದಿನಲ್ಲಿ ಚೆಂದದ ಭಾಷೆಗೆ ಮಾರುಹೋಗಿ ನಾನೂ ಆ ಚುಕ್ಕಿಯನ್ನು ಗಮನಿಸಿರಲಿಲ್ಲ. ಅವಳಪ್ಪ ರೈತರು. ಎರಡನೆಯ ದಿನ ಅವಳೇ ಬಂದು, ‘ಸರ್, ಗುಂಟೆ ಲೆಕ್ಕ ತಪ್ಪಿದೆ’ ಎಂದಳು.

ಪೋಡಿ, ಹಿಸ್ಸಾ, ದರಖಾಸ್ತು, ಸಾಗುವಳಿ ಚೀಟಿ, ಇನಾಂ, ಆಕಾರಬಂದ್ ಮುಂತಾದ ಪದಗಳ ಹಿಂದೆ ಕಂದಾಯ ಆಡಳಿತದ ದೊಡ್ಡ ಚರಿತ್ರೆಯೇ ಇದೆ. ಇಂಗ್ಲಿಷಿಗೆ ಹೋಲಿಸಿದರೆ ಕನ್ನಡದ ಕಾನೂನು ಬರಹ ಅಂತರ್ಜಾಲದಲ್ಲಿ ಬಹಳ ಕಡಿಮೆ, ಕೈಬರಹದ ಹಳೆಯ ಕ್ರಯಪತ್ರಗಳಂತೂ ಇನ್ನೂ ಕಡಿಮೆ. ಪಾವಗಡದಲ್ಲಿಯೋ ಕೋಲಾರದ ಗಡಿಯಲ್ಲಿಯೋ ಸಾಕ್ಷಿಗಳು ಕನ್ನಡ ತೆಲುಗು ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಿ ಮಾತಾಡುತ್ತಾರೆ, ಅಂಥ ಮಾತನ್ನು ಧ್ವನಿಯಿಂದ ಬರಹಕ್ಕಿಳಿಸುವ ತಂತ್ರಾಂಶ ತಡವರಿಸುತ್ತದೆ. ಆದ್ದರಿಂದ ನಮ್ಮ ವಿದ್ಯಾರ್ಥಿಗಳು ಕಂದಾಯ ಕಚೇರಿಯ ಪದಗಳನ್ನು ಗ್ರಾಮ ಆಡಳಿತಾಧಿಕಾರಿಯಷ್ಟೇ ಚೆನ್ನಾಗಿ ತಿಳಿದಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇದರಿಂದ ಲಾಭವೇ, ನಷ್ಟವೇ?

ಸರಿಯಾಗಿ ಬಳಸಿದರೆ ದೊಡ್ಡ ಲಾಭ. ಸಂವಿಧಾನದ 348ನೇ ವಿಧಿಯಂತೆ ಹೈಕೋರ್ಟಿನ ಭಾಷೆ ಇಂಗ್ಲಿಷ್, ಪ್ರಮುಖ ತೀರ್ಪುಗಳೆಲ್ಲ ಇಂಗ್ಲಿಷಿನವು, ಮತ್ತು ಇದೊಂದೇ ಕಾರಣಕ್ಕೆ ಬುದ್ಧಿವಂತ ಮಕ್ಕಳು ಹಿಂದೆ ಸರಿಯುವುದನ್ನು ನಾನು ವರ್ಷಗಳಿಂದ ಸಂಕಟದಿಂದ ನೋಡಿದ್ದೇನೆ. ಈಗ ಅರ್ಥವಾಗದ ಕಂಡಿಕೆಯನ್ನು ಸರಳ ಕನ್ನಡದಲ್ಲಿ ವಿವರಿಸುವಂತೆ ಯಂತ್ರವನ್ನು ನಡುರಾತ್ರಿಯಲ್ಲಿಯೂ ಕೇಳಬಹುದು, ನಾಚಿಕೆಯಿಲ್ಲದೆ ಹತ್ತು ಸಲ ಕೇಳಬಹುದು.

ನಾನು ಹೇಳಿಕೊಡುವ ಕ್ರಮ ಹೀಗಿದೆ. ವಾದವನ್ನು ಮೊದಲು ನಿಮ್ಮ ಕನ್ನಡದಲ್ಲಿಯೇ ಬರೆಯಿರಿ. ಆಮೇಲೆ ಇಂಗ್ಲಿಷಿಗೆ ಅನುವಾದ ಮಾಡಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿ. ‘ಮಾಡತಕ್ಕದ್ದು’ ಎಂಬುದು ‘ಮಾಡಬಹುದು’ ಎಂದಾಗಿದೆಯೇ, ‘ಸ್ವಾಧೀನ’ ಎಂಬುದು ‘ಒಡೆತನ’ವಾಗಿದೆಯೇ ಎಂದು ನೋಡಿ. ಆಲೋಚನೆ ನಿಮ್ಮದಾಗಿದ್ದರೆ ಅನುವಾದದ ತಪ್ಪು ಕಣ್ಣಿಗೆ ಬೀಳುತ್ತದೆ. ಆಲೋಚನೆಯನ್ನೂ ಯಂತ್ರದಿಂದಲೇ ಪಡೆದಿದ್ದರೆ ಹೋಲಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ. ವಿಚಾರಣಾ ನ್ಯಾಯಾಲಯದಲ್ಲಿ ಪಾಟೀಸವಾಲು ನಡೆಯುವುದು ಕನ್ನಡದಲ್ಲಿ, ಅಲ್ಲಿ ಮುಂದೆ ನಿಲ್ಲುವವರು ನೀವೇ.

ಕಕ್ಷಿದಾರರ ಕಾಗದಪತ್ರಗಳನ್ನು ಅಪ್‌ಲೋಡ್ ಮಾಡಬಹುದೇ?

ಇಂಟರ್ನ್‌ಶಿಪ್ ಮಾಡುತ್ತಿರುವ ವಿದ್ಯಾರ್ಥಿಗಳು ಇದನ್ನು ಮಾಡಲೇಕೂಡದು. ಕಕ್ಷಿದಾರರು ವಕೀಲರಿಗೆ ತಿಳಿಸಿದ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವಂತಿಲ್ಲ ಎಂಬ ಹಳೆಯ ಸಾಕ್ಷ್ಯ ಕಾಯ್ದೆಯ 126ನೇ ಕಲಮಿನ ನಿಯಮ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲಿದೆ. ಉಚಿತ ಸಾಧನಕ್ಕೆ ಹಾಕಿದ ಬರಹ ಯಾವ ದೇಶದ ಯಂತ್ರದಲ್ಲಿ ಉಳಿಯುತ್ತದೆ, ಮುಂದಿನ ತರಬೇತಿಗೆ ಬಳಕೆಯಾಗುತ್ತದೆಯೇ ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ. ವಿಚ್ಛೇದನದ ಅರ್ಜಿಯಲ್ಲಿ ಒಬ್ಬ ಹೆಣ್ಣುಮಗಳು ತವರಿನವರಿಗೂ ಹೇಳದ ಸಂಗತಿಯನ್ನು ನಮ್ಮನ್ನು ನಂಬಿ ಹೇಳಿರುತ್ತಾಳೆ. ಹೆಸರು ಅಳಿಸಿದರೆ ಸಾಕೆಂದು ಕೆಲವರು ವಾದಿಸುತ್ತಾರೆ, ಆದರೆ ಸಣ್ಣ ಊರಿನಲ್ಲಿ ಸರ್ವೆ ನಂಬರ್ ಮತ್ತು ಊರಿನ ಹೆಸರು ಸಿಕ್ಕರೆ ಮನೆಯೇ ಗೊತ್ತಾಗುತ್ತದೆ. ಕಾನೂನಿನ ಪ್ರಶ್ನೆಯನ್ನಷ್ಟೇ ಬೇರ್ಪಡಿಸಿ ಕೇಳುವುದನ್ನು ಕಲಿಯಿರಿ. ಸಂಗತಿಗಳಿಂದ ವಿವಾದಾಂಶವನ್ನು ಬೇರ್ಪಡಿಸುವ ಆ ಅಭ್ಯಾಸ ಒಳ್ಳೆಯ ಕರಡಿಗೂ ಬೇಕಾದದ್ದೇ.

ನ್ಯಾಯಾಲಯಗಳು ತಾವೇ ಇದನ್ನು ಬಳಸುತ್ತಿಲ್ಲವೇ?

ಬಳಸುತ್ತಿವೆ. ತೀರ್ಪುಗಳ ಅನುವಾದಕ್ಕಾಗಿ ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲಿ ಸುವಾಸ್ ಎಂಬ ತಂತ್ರಾಂಶವನ್ನು ತಂದಿತು, ಅದರ ಭಾಷೆಗಳಲ್ಲಿ ಕನ್ನಡವೂ ಇದೆ. ಸಂಶೋಧನೆಗೆ ನೆರವಾಗುವ ಸುಪೇಸ್ 2021ರಲ್ಲಿ ಬಂತು. 2023ರ ಫೆಬ್ರವರಿಯಿಂದ ಸಂವಿಧಾನ ಪೀಠದ ವಾದಗಳ ಲಿಖಿತ ರೂಪವನ್ನು ಯಂತ್ರದ ನೆರವಿನಿಂದ ಸಿದ್ಧಪಡಿಸುವ ಪ್ರಯೋಗ ಶುರುವಾಯಿತು. ಆದರೆ ಗೆರೆ ಎಲ್ಲಿದೆ ಎಂಬುದನ್ನು ಕೇರಳ ಹೈಕೋರ್ಟ್ ಜಿಲ್ಲಾ ನ್ಯಾಯಾಂಗಕ್ಕಾಗಿ 2025ರ ಜುಲೈನಲ್ಲಿ ಹೊರಡಿಸಿದ ನೀತಿಯಲ್ಲಿ ಸ್ಪಷ್ಟವಾಗಿ ಹೇಳಿದೆ: ತೀರ್ಮಾನ, ಪರಿಹಾರ, ಆದೇಶ, ತೀರ್ಪು ಇವುಗಳಿಗೆ ಈ ಸಾಧನಗಳನ್ನು ಬಳಸುವಂತಿಲ್ಲ. ಆ ನೀತಿಯನ್ನು ಪ್ರತಿ ವಿದ್ಯಾರ್ಥಿಯೂ ಒಮ್ಮೆ ಓದಬೇಕು.

ನಕಲಿ ಧ್ವನಿ, ನಕಲಿ ವಿಡಿಯೊಗಳನ್ನು ಎದುರಿಸಲು ಏನು ಕಲಿಯಬೇಕು?

ವಿದ್ಯುನ್ಮಾನ ದಾಖಲೆಯನ್ನು ಸಾಕ್ಷ್ಯವಾಗಿ ಹಾಜರುಪಡಿಸುವ ಬಗೆಯನ್ನು ಹೇಳುವ ಸಾಕ್ಷ್ಯ ಅಧಿನಿಯಮದ 63ನೇ ಕಲಮನ್ನು ಅದರ ಅನುಸೂಚಿಯ ಸಹಿತ ಕಲಿಯಬೇಕು. ಹಳೆಯ 65ಬಿ ಪ್ರಮಾಣಪತ್ರದ ಜಾಗದಲ್ಲಿ ಈಗ ಎರಡು ಭಾಗಗಳ ನಮೂನೆ ಇದೆ, ಒಂದನ್ನು ದಾಖಲೆ ಹಾಜರುಪಡಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಕಡತದ ಹ್ಯಾಶ್ ಮೌಲ್ಯವನ್ನೂ, ಅಂದರೆ ಕಡತದಲ್ಲಿರುವುದರಿಂದ ತಂತ್ರಾಂಶ ಲೆಕ್ಕಹಾಕಿ ಕೊಡುವ ಬೆರಳಗುರುತಿನಂಥ ಅಕ್ಷರ-ಅಂಕಿಗಳ ಸಾಲನ್ನೂ, ನಮೂದಿಸಬೇಕು. ಕಡತದಲ್ಲಿ ಒಂದಕ್ಷರ ಬದಲಾದರೂ ಆ ಮೌಲ್ಯ ಪೂರ್ತಿ ಬದಲಾಗುತ್ತದೆ. ತರಗತಿಯಲ್ಲಿ ನಿಮ್ಮದೇ ಫೋನಿನ ಒಂದು ಧ್ವನಿಮುದ್ರಣದ ಹ್ಯಾಶ್ ತೆಗೆದು, ಅರ್ಧ ಸೆಕೆಂಡು ಕತ್ತರಿಸಿ ಮತ್ತೆ ತೆಗೆದು ನೋಡಿದರೆ ವಿಷಯ ಮನಸ್ಸಿನಲ್ಲಿ ಕೂರುತ್ತದೆ. ಆದರೆ ಹ್ಯಾಶ್ ಹೇಳುವುದು ಆನಂತರ ತಿದ್ದಿಲ್ಲ ಎಂಬುದನ್ನು ಮಾತ್ರ. ಮೊದಲಿಗೇ ಧ್ವನಿಯನ್ನು ಯಂತ್ರದಿಂದ ಹುಟ್ಟಿಸಿದ್ದರೆ ಅದು ಹಿಡಿದುಕೊಡುವುದಿಲ್ಲ. ಅಲ್ಲಿ ಮೂಲ ಫೋನು ಎಲ್ಲಿದೆ, ಯಾರ ಕೈಯಿಂದ ಯಾರಿಗೆ ಹೋಯಿತು, ಆ ಹೊತ್ತಿನಲ್ಲಿ ಮಾತಾಡಿದವರು ಎಲ್ಲಿದ್ದರು ಎಂಬ ಹಳೆಯ ಪಾಟೀಸವಾಲೇ ಕೆಲಸಕ್ಕೆ ಬರುವುದು.

ಕೋಡಿಂಗ್ ಕಲಿಯಬೇಕೇ? ದುಬಾರಿ ಸಾಧನಗಳಿಗೆ ಚಂದಾ ಕಟ್ಟಬೇಕೇ?

ಎರಡೂ ಬೇಕಿಲ್ಲ. ಆ ಹಣದಲ್ಲಿ ಮೂಲ ಕಾಯ್ದೆಗಳ ಹೊಸ ಮುದ್ರಣ ಕೊಳ್ಳಿ.

ಅಸೈನ್‌ಮೆಂಟನ್ನು ಯಂತ್ರದಿಂದ ಬರೆಸಿದರೆ ತಪ್ಪೇನು?

ಅಂಕ ಬರಬಹುದು, ಆದರೆ ಅಸೈನ್‌ಮೆಂಟಿನ ಉದ್ದೇಶ ನಿಮ್ಮನ್ನು ಒಂದು ಕಷ್ಟದ ಮೂಲಕ ಹಾಯಿಸುವುದು. ವಾದಪತ್ರದ ಸಂಗತಿಗಳನ್ನು ಕಾಲಕ್ರಮದಲ್ಲಿ ಜೋಡಿಸುವಾಗ, ದಾವೆಗೆ ಕಾರಣ ಹುಟ್ಟಿದ್ದು ಯಾವ ದಿನ ಎಂದು ತಲೆಕೆಡಿಸಿಕೊಳ್ಳುವಾಗ ಆಗುವ ಕಲಿಕೆ, ಸಿದ್ಧ ಕರಡನ್ನು ಓದಿದಾಗ ಆಗುವುದಿಲ್ಲ. ನನ್ನ ತರಗತಿಯಲ್ಲಿ ಮೊದಲ ಕರಡನ್ನು ಕಾಗದದ ಮೇಲೆ ಕೈಯಲ್ಲಿ ಬರೆಯಬೇಕು. ಎರಡನೆಯ ವಾರ ಅದೇ ಸಂಗತಿಗಳಿಗೆ ಯಂತ್ರ ಕೊಟ್ಟ ಕರಡನ್ನು ಎಲ್ಲರಿಗೂ ಹಂಚುತ್ತೇನೆ, ಕೆಂಪು ಶಾಯಿಯಲ್ಲಿ ಅದನ್ನು ತಿದ್ದುವುದು ಅವರ ಕೆಲಸ. ಕಳೆದ ಸಲ ಒಂದು ಶಾಶ್ವತ ನಿರ್ಬಂಧಕಾಜ್ಞೆಯ ದಾವೆಯ ಕರಡಿನಲ್ಲಿ ಆಸ್ತಿಯ ನಾಲ್ಕು ದಿಕ್ಕಿನ ಗಡಿ ಹೇಳುವ ಚೆಕ್ಕುಬಂದಿಯೇ ಇರಲಿಲ್ಲ. ಮೂವತ್ತಕ್ಕೂ ಹೆಚ್ಚು ಮಂದಿಯಲ್ಲಿ ಅದನ್ನು ಹಿಡಿದವರು ಹಿಂದಿನ ವಾರ ಕರಡನ್ನು ತಾವೇ ಬರೆದಿದ್ದ ಒಂಬತ್ತು ಮಂದಿ.

ಕಾಲೇಜುಗಳು ಏನು ಬದಲಾಯಿಸಬೇಕು?

ಪಠ್ಯಕ್ರಮ ನಿಗದಿಪಡಿಸುವುದು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ. ಅದು ಬದಲಾಗುವವರೆಗೆ ಕಾಯಬೇಕಿಲ್ಲ, ಏಕೆಂದರೆ ಕರಡು ರಚನೆ, ವೃತ್ತಿನೀತಿ, ಅಣಕು ನ್ಯಾಯಾಲಯದ ಪತ್ರಿಕೆಗಳು ಈಗಾಗಲೇ ಕಡ್ಡಾಯವಾಗಿವೆ, ಅವುಗಳೊಳಗೇ ಇದನ್ನು ಸೇರಿಸಬಹುದು. ಅಣಕು ನ್ಯಾಯಾಲಯದಲ್ಲಿ ಪ್ರತಿ ಉಲ್ಲೇಖದ ಮೂಲಪ್ರತಿಯನ್ನು ಮೇಜಿನ ಮೇಲಿಡಬೇಕೆಂಬ ನಿಯಮ ಮಾಡಿದರೆ ಅರ್ಧ ಕೆಲಸ ಆದಂತೆ. ವೃತ್ತಿನೀತಿಯ ಪತ್ರಿಕೆಯಲ್ಲಿ ವಕೀಲರ ಕಾಯ್ದೆಯ 35ನೇ ಕಲಮನ್ನು ಓದಿಸುವಾಗ ಸುಳ್ಳು ಉಲ್ಲೇಖದ ಪ್ರಕರಣಗಳನ್ನೂ ಓದಿಸಬೇಕು. ವೃತ್ತಿ ದುರ್ನಡತೆ ಸಾಬೀತಾದರೆ ಸನ್ನದು ಅಮಾನತಾಗುವುದು, ಕೆಲವೊಮ್ಮೆ ಹೆಸರೇ ಪಟ್ಟಿಯಿಂದ ಹೋಗುವುದು ವಕೀಲರದ್ದು. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಗೆ ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಕರೆದೊಯ್ದು, ಕೈಬರಹದ ಪಹಣಿಯನ್ನೂ ಸರ್ಕಾರದ ಗಣಕೀಕೃತ ಭೂದಾಖಲೆ ವ್ಯವಸ್ಥೆಯಾದ ‘ಭೂಮಿ’ಯ ಮುದ್ರಿತ ಪಹಣಿಯನ್ನೂ ಒಟ್ಟಿಗೆ ಓದಿಸಬೇಕು.

ಹಿರಿಯರ ಕಚೇರಿಗೆ ಸೇರಿದ ಮೇಲೆ, ಯಂತ್ರವನ್ನು ಬಳಸಿದ್ದೇನೆಂದು ಅವರಿಗೆ ಹೇಳಬೇಕೇ?

ಹೇಳಬೇಕು, ಕೇಳುವ ಮೊದಲೇ ಹೇಳಬೇಕು. ಬೈಯುತ್ತಾರೆಂಬ ಅಂಜಿಕೆಯಿಂದ ಮುಚ್ಚಿಟ್ಟರೆ, ಹಿರಿಯರು ಅದನ್ನು ನಿಮ್ಮ ಸ್ವಂತ ಓದಿನ ಫಲವೆಂದು ನಂಬಿ, ಪರಿಶೀಲಿಸದೆ ನ್ಯಾಯಾಧೀಶರ ಮುಂದಿಡುತ್ತಾರೆ. ನಮ್ಮ ಕಚೇರಿಯಲ್ಲಿ ಪ್ರತಿ ಕಡತದ ರಟ್ಟಿನ ಒಳಬದಿಗೆ ಒಂದು ಹಾಳೆ ಅಂಟಿಸಿರುತ್ತೇವೆ. ಯಾವ ದಿನ, ಕರಡಿನ ಯಾವ ಭಾಗಕ್ಕೆ ಯಂತ್ರದ ನೆರವು ಪಡೆಯಲಾಯಿತು, ಉಲ್ಲೇಖಿಸಿದ ತೀರ್ಪುಗಳ ಮೂಲವನ್ನು ಯಾರು ತೆರೆದು ಓದಿದರು ಎಂದು ಕಿರಿಯರು ಅದರಲ್ಲಿ ಬರೆದು ಸಹಿ ಹಾಕುತ್ತಾರೆ, ಅದರ ಕೆಳಗೆ ನಾನು ಸಹಿ ಹಾಕುತ್ತೇನೆ, ಆಮೇಲೆಯೇ ವಾದಪತ್ರ ಬೆರಳಚ್ಚಿಗೆ ಹೋಗುತ್ತದೆ.